ಎರಡು ಸಲ ‘ಆತು’

ದುಭಾಷಿ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಉತ್ತರ ಹೇಳಬಲ್ಲೆ: ನನ್ನ ಹಾಗಿರಬಾರದು. ತಾರಿ ದೋಣಿಯವನ ಹಾಗೆ ಅವನು ಈ ದಡದಲ್ಲಿ ಹತ್ತಿದ ಮಾತನ್ನು ಆ ದಡದಲ್ಲಿ ಇದ್ದ ಹಾಗೇ ಇಳಿಸಬೇಕು. ನಡುಹೊಳೆಯಲ್ಲಿ ಅದರ ತಲೆ ಬಾಚಿ, ಮುಖಕ್ಕೆ ಪೌಡರು ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಲು ಹೋಗಬಾರದು. ನಾನು ತೊಡಿಸುತ್ತೇನೆ. ಇದು ಸ್ವಭಾವವೋ ಉದ್ಯೋಗದಿಂದ ಬಂದ ರೋಗವೋ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುವವನಿಗೆ ಕಂಡ ವಾಕ್ಯವನ್ನೆಲ್ಲ ತಿದ್ದುವ ಚಟ ಅಂಟಿಕೊಳ್ಳುತ್ತದೆ; ನಾನು ಮದುವೆಯ ಕರೆಯೋಲೆಯನ್ನೂ ಬಿಟ್ಟವನಲ್ಲ. ಭಟ್ಕಳದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಜಾಲಿಯ ಕಡೆಯ ಒಬ್ಬ ಸಾಹುಕಾರರು ಮಗನ ಓದಿನ ವಿಚಾರ ಕೇಳಲು ಶಾಲೆಗೆ ಬಂದಿದ್ದರು. ಅವರ ಮನೆಮಾತು ನವಾಯತಿ, ಪೇಟೆಮಾತು ಉರ್ದು. ನಮ್ಮ ಹೆಡ್‌ಮಾಸ್ತರಿಗೆ ಬರುತ್ತಿದ್ದದ್ದು ಕನ್ನಡ ಮತ್ತು ಸಿಟ್ಟು. “ನಿಮ್ಮ ಮಗ ಶುದ್ಧ ಕತ್ತೆ ಎಂದು ಹೇಳಿ ಅವರಿಗೆ” ಎಂದು ನನಗೆ ಅಪ್ಪಣೆಯಾಯಿತು. ಹುಡುಗ ಬಹಳ ತಾಳ್ಮೆಯವನು, ಎಷ್ಟು ಭಾರ ಹೊರಿಸಿದರೂ ಹೊರುತ್ತಾನೆ ಎಂದು ನಾನು ನನ್ನ ಹರಕು ಉರ್ದುವಿನಲ್ಲಿ ಹೇಳಿದೆ. ಸಾಹುಕಾರರು ಹೆಡ್‌ಮಾಸ್ತರ ಕೈಯನ್ನು ಎರಡೂ ಕೈಯಿಂದ ಕುಲುಕಿ ಹೋದರು. ಮರುದಿನ ಬುಟ್ಟಿ ತುಂಬ ಮಾವಿನಹಣ್ಣು ಬಂತು. ಅಂದಿನಿಂದ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಮೂರು ತಾಲೂಕಿನಲ್ಲಿಲ್ಲ ಎಂದು ನಂಬಿಕೊಂಡು ಬದುಕಿದ್ದೆ.

ಆ ನಂಬಿಕೆಗೆ ನೀರು ನುಗ್ಗಿದ್ದು ಕುಮಟೆಗೆ ವರ್ಗವಾಗಿ ಬಂದ ಮೇಲೆ. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಕಚೇರಿಗಳಲ್ಲಿ ಇನ್ನೂ ಅರ್ಧ ಮರಾಠಿ ಓಡಾಡುತ್ತಿತ್ತು. ಬ್ಲಾಕ್ ಡೆವಲಪ್‌ಮೆಂಟ್ ಸಾಹೇಬರು ಒಂದು ದಿನ ಜೀಪಿನಲ್ಲೇ ಶಾಲೆಗೆ ಬಂದು, “ಮಾಸ್ತರೇ, ನಿಮಗೆ ಇಂಗ್ಲಿಷು ಬರುತ್ತದಲ್ಲ?” ಎಂದು ಕೇಳಿದರು. ಇಂಗ್ಲಿಷ್ ಮಾಸ್ತರನಿಗೆ ಹಾಗೆ ಕೇಳುವುದು ಅವಮಾನ. ಆದರೆ ಜೀಪು ನೋಡಲು ಮಕ್ಕಳೆಲ್ಲ ಹೊರಗೆ ಬಂದಿದ್ದರಿಂದ ನನಗೆ ಅದು ಗೌರವದ ಹಾಗೆಯೇ ಕೇಳಿಸಿತು. ವಿಷಯ ಇಷ್ಟು: ಹಾಲೆಂಡಿನ ಒಂದು ಸಣ್ಣ ಊರಿನ ಜನ ಸೇರಿ ನಮ್ಮ ಬೆಳ್ಳಂಕುರ್ವೆಯ ಜೊತೆ ಗೆಳೆತನ ಕಟ್ಟಿಕೊಂಡಿದ್ದಾರೆ. ಕುರ್ವೆ ಎಂದರೆ ಹೊಳೆಯ ನಡುವಿನ ದ್ವೀಪ. ಇದು ತದಡಿಯಿಂದ ದೋಣಿಯಲ್ಲಿ ಹೋಗಬೇಕಾದದ್ದು. ಅಲ್ಲಿಯ ಗದ್ದೆಗೆ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಒಡ್ಡು ಹಾಕಿ ಸಮುದ್ರದ ಉಪ್ಪುನೀರನ್ನು ಹೊರಗಿಟ್ಟು, ಮಳೆಗಾಲದಲ್ಲಿ ಭತ್ತ ಬೆಳೆಯುತ್ತಾರೆ. ಹಿಂದಿನ ವರ್ಷ ಆ ಒಡ್ಡು ಹರಿದು ಗದ್ದೆ ಉಪ್ಪಾಗಿ, ಬಾವಿ ಉಪ್ಪಾಗಿ, ಮಣ್ಣಿನ ಗೋಡೆಗಳೆಲ್ಲ ಕುಸಿದಿದ್ದವು. ಹಾಲೆಂಡಿನವರ ಊರೂ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ. ನೀರಿಗೆ ಹೆದರುವವರ ಕಷ್ಟ ನೀರಿಗೆ ಹೆದರುವವರಿಗೇ ಗೊತ್ತು ಎಂದು ಅವರು ಚಂದಾ ಎತ್ತಿ, ತಮ್ಮವನೊಬ್ಬನನ್ನು ಕಳಿಸುತ್ತಿದ್ದರು. ಅವನಿಗೂ ಊರಿಗೂ ನಡುವೆ ನಾನು.

ಅವನಿಗಿಂತ ಮೊದಲು ಬಂದದ್ದು ಒಂದು ಗಂಟು ಸ್ವೆಟರು. ಆ ಊರಿನ ಹೆಂಗಸರೆಲ್ಲ ಚಳಿಗಾಲವಿಡೀ ಕೂತು ಹೆಣೆದದ್ದು. ಕುಮಟೆಯ ಸೆಕೆಯಲ್ಲಿ ಅಂಗಿಯೇ ಹೆಚ್ಚು ಎಂದು ಬರಿಮೈಯಲ್ಲಿರುವ ಜನಕ್ಕೆ ಅದರಿಂದ ಏನು ಮಾಡಬೇಕೆಂದು ತಿಳಿಯಲಿಲ್ಲ. ಹಾಗೆಂದು ಪ್ರೀತಿಯಿಂದ ಬಂದದ್ದನ್ನು ಮೂಲೆಗೆಸೆಯಲು ಮನಸ್ಸೂ ಬರಲಿಲ್ಲ. ಬಾವಲಿಗಳ ಕಾಟಕ್ಕೆ ಬೇಸತ್ತಿದ್ದ ಊರಿನ ಹಿರಿಯ ಬೊಮ್ಮ ಗೌಡರು ಒಂದನ್ನು ತಮ್ಮ ಬಾಳೆಗೊನೆಗೆ ತೊಡಿಸಿ ನೋಡಿದರು. ಸರಿಹೋಯಿತು. ಹಾಲೆಂಡಿನವನು ಮೊದಲ ದಿನ ಕುರ್ವೆಗೆ ಕಾಲಿಟ್ಟಾಗ ಹಿತ್ತಲು ಹಿತ್ತಲಿನಲ್ಲೂ ಕೆಂಪು ನೀಲಿ ಸ್ವೆಟರು ಹಾಕಿಕೊಂಡ ಬಾಳೆಗೊನೆಗಳು ಅವನನ್ನು ಎದುರುಗೊಂಡವು. ಅವನು ಒಂದರ ಮುಂದೆ ಬಹಳ ಹೊತ್ತು ನಿಂತು, ಇದನ್ನು ಹೆಣೆದದ್ದು ನನ್ನ ಅತ್ತೆ ಎಂದ. ಅದನ್ನು ನಾನು ಊರಿನವರಿಗೆ ಹೇಳಲಿಲ್ಲ. ಅತಿಥಿಗೆ ಬಹಳ ಸಂತೋಷವಾಗಿದೆ ಎಂದಷ್ಟೇ ಹೇಳಿದೆ.

ಅವನ ಹೆಸರು ಯಾನ್. ಇದರಿಂದ ನಮ್ಮ ಮನೆಯಲ್ಲಿ ಎದ್ದ ಗಲಿಬಿಲಿಯನ್ನು ಹೇಳಲೇಬೇಕು. ಪ್ರವಾಸಿ ಬಂಗಲೆ ಯಾರೋ ಮಂತ್ರಿಗಳಿಗಾಗಿ ತುಂಬಿಹೋಗಿದ್ದರಿಂದ ಸಾಹೇಬರು ಅವನನ್ನು ನಮ್ಮ ಮನೆಯಲ್ಲೇ ಇಳಿಸಿದರು. ನಮ್ಮದು ಹೊನ್ನಾವರ ಕಡೆಯ ಹವ್ಯಕರ ಮನೆ. ನಮ್ಮ ಮನೆಮಾತಿನಲ್ಲಿ ‘ಯಾನು’ ಎಂದರೆ ನಾನು. ಬಾಗಿಲ ದಾರಂದಕ್ಕೆ ಹಣೆ ಹೊಡೆದುಕೊಂಡು ಒಳಗೆ ಬಂದ ಆ ಎತ್ತರದ ಮನುಷ್ಯನನ್ನು ನನ್ನ ಆಯಿ, ಎಂದರೆ ತಾಯಿ, ಜಗಲಿಯ ಮೇಲೆ ಕೂರಿಸಿ, “ಹೆಸರೆಂತದು?” ಎಂದು ಕೇಳಿದಳು. ಅವನು ಎದೆ ಮುಟ್ಟಿಕೊಂಡು, “ಯಾನ್” ಎಂದ. “ಹೌದು, ಅದು ನೀನೇ ಹೇಳಿ ಗೊತ್ತಿದ್ದು ಮಾರಾಯಾ, ಹೆಸರೆಂತದು?” ಎಂದಳು ಆಯಿ. ಅವನು ಇನ್ನೂ ಗಟ್ಟಿಯಾಗಿ, “ಯಾನ್!” ಎಂದ. ಪಾಪ, ಬಿಸಿಲಿಗೆ ಹೆಸರು ಮರೆತುಹೋಗಿರಬೇಕು ಎಂದು ಆಯಿ ಮಜ್ಜಿಗೆ ತರಲು ಒಳಗೆ ಹೋದಳು. ನನ್ನ ಹೆಂಡತಿ ಜಾನಕಿ ಮಾತ್ರ ಸೆರಗು ಬಾಯಿಗೆ ಹಿಡಿದು ನಗುತ್ತ, ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ, ಎರಡೇ ದಿನದಲ್ಲಿ ಅವನಿಗೆ ಬೇಕು ಬೇಡಗಳನ್ನೆಲ್ಲ ಕಲಿಸಿಬಿಟ್ಟಳು. ಬಡಿಸುವಾಗ ಅವಳು, “ಇನ್ನೂ ಇದ್ದು” ಎನ್ನುವಳು. ಅವನು ಎಲೆಗೆ ಕೈ ಅಡ್ಡ ಹಿಡಿದು, “ಇಲ್ಲೆ, ಇಲ್ಲೆ” ಎನ್ನುವನು. ನಮ್ಮ ಮನೆಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ನಾನು ನಡುವೆ ಬಾಯಿ ಹಾಕಿದರೆ ಇಬ್ಬರಿಗೂ ಕಿರಿಕಿರಿಯಾಗುತ್ತಿತ್ತು.

ನನಗೂ ಅವನಿಗೂ ಇದ್ದ ಸಂಬಂಧ ಬೇರೆ. ನನ್ನ ಇಂಗ್ಲಿಷು ಪುಸ್ತಕದಿಂದ ಬಂದದ್ದು, ಅವನ ಇಂಗ್ಲಿಷೂ ಪುಸ್ತಕದಿಂದ ಬಂದದ್ದು. ಪುಸ್ತಕಗಳು ಮಾತ್ರ ಬೇರೆ. ಅವನದು ಸಣ್ಣ ಸಣ್ಣ ವಾಕ್ಯ, ಕೊಡಲಿಯಿಂದ ಕಡಿದ ಹಾಗೆ. ಅದನ್ನು ನಾನು ಊರಿನವರಿಗೆ ಹೇಳುವಾಗ ಉದ್ದವಾಗುತ್ತಿತ್ತು. “ಮಣ್ಣು ಸಾಲದು” ಎಂದು ಅವನೆಂದರೆ, “ನಿಮ್ಮ ಶ್ರಮವನ್ನು ಎಷ್ಟು ಕೊಂಡಾಡಿದರೂ ಸಾಲದು, ಇನ್ನು ಸ್ವಲ್ಪ ಮಣ್ಣನ್ನೂ ಕೊಂಡಾಡುವಂತೆ ತರಬೇಕು” ಎಂದು ನಾನು. ಜನ ತಲೆದೂಗುತ್ತಿದ್ದರು, ಮಣ್ಣು ಬರುತ್ತಿತ್ತು. ಆಗಲೇ ಅವನು ನಮ್ಮ ಕರಾವಳಿಯ ಒಂದು ಮಾತನ್ನು ಹಿಡಿದುಕೊಂಡದ್ದು: ‘ಆತು.’ ನಾಳೆ ಬೆಳಿಗ್ಗೆ ಇಳಿತದ ಹೊತ್ತಿಗೆ ಬರುತ್ತೀರಾ ಎಂದರೆ ಬೊಮ್ಮ ಗೌಡರು, “ಆತು” ಎನ್ನುತ್ತಿದ್ದರು. ಬೆಳಿಗ್ಗೆ ಮನೆಗೊಬ್ಬರಂತೆ ಜನ ಬಂದಿರುತ್ತಿದ್ದರು. ತೆಂಗಿನ ದಿಮ್ಮಿ ಬೇಕು ಎಂದರೆ “ಆತು”. ಮಧ್ಯಾಹ್ನಕ್ಕೆ ದಿಮ್ಮಿ ಬಂದು ಬಿದ್ದಿರುತ್ತಿತ್ತು. ನಮ್ಮ ದೇಶದಲ್ಲಿ ಇದಕ್ಕೆ ಮೂರು ಸಭೆ ಬೇಕಾಗುತ್ತಿತ್ತು ಎಂದು ಯಾನ್ ಬೆರಗಾಗಿ ಹೇಳಿದ. ಅವನಿಗೆ ಆ ಶಬ್ದದ ಮೇಲೆ ಎಷ್ಟು ವಿಶ್ವಾಸ ಬಂತೆಂದರೆ, ಕುರ್ವೆಯ ಜನ ಅದನ್ನು ಹೇಳಿದ ಮೇಲೆ ಇನ್ನೊಮ್ಮೆ ವಿಚಾರಿಸುವುದನ್ನೇ ಬಿಟ್ಟ.

ಹೀಗೆ ಒಡ್ಡು ಎರಡು ಕಡೆಯಿಂದಲೂ ಬೆಳೆದು, ಕೊನೆಗೆ ನೀರು ನುಗ್ಗುವ ಒಂದೇ ಒಂದು ಬಾಯಿ ಉಳಿಯಿತು. ಅದು ಹಿಂದಿನ ವರ್ಷ ಹರಿದುಹೋದ ಜಾಗವೇ. ಹಳೆಯ ಒಡ್ಡು ಅಲ್ಲಿ ನೇರವಾಗಿರಲಿಲ್ಲ. ಬೀರಮ್ಮ ಎಂಬ ಮುದುಕಿಯ ಮನೆಯನ್ನು ಒಳಗೆ ಹಾಕಿಕೊಳ್ಳಲು ಹೊಳೆಯ ಕಡೆಗೆ ಡೊಂಕಾಗಿ ಹೋಗಿತ್ತು. ಆ ಡೊಂಕಿಗೇ ನೀರು ಬಂದು ಬಡಿಯುವುದು ಎಂದು ಯಾನ್ ಕಂಡುಕೊಂಡ. ಅವನು ಹೇಳಿದ್ದು ಸುಳ್ಳಲ್ಲ. ಬೊಮ್ಮ ಗೌಡರ ಅಂಗಳದಲ್ಲಿ ಊರನ್ನೆಲ್ಲ ಕೂಡಿಸಿ, ಮರಳಿನ ಮೇಲೆ ಕೋಲಿನಿಂದ ಒಂದು ನೇರ ಗೆರೆ ಎಳೆದು ತೋರಿಸಿದ. ಒಡ್ಡು ಹೀಗೆ ಹೋಗಲಿ, ಕೆಲಸ ಕಡಿಮೆ, ಗಟ್ಟಿ ಜಾಸ್ತಿ. ಅಜ್ಜಿಯ ಮನೆ ಹೊರಗುಳಿಯುತ್ತದೆ. ಅವಳಿಗೆ ಒಳಗೆ ಹೆಂಚಿನ ಮನೆಯನ್ನು ತನ್ನ ಊರಿನವರು ಕಟ್ಟಿಸಿಕೊಡುತ್ತಾರೆ. ಅಮಾವಾಸ್ಯೆಯ ದೊಡ್ಡ ಭರತ, ಎಂದರೆ ಸಮುದ್ರದ ಉಬ್ಬರ, ಬರುವ ಮೊದಲು ಬಾಯಿ ಮುಚ್ಚಲೇಬೇಕು. ಮುಚ್ಚದಿದ್ದರೆ ಗದ್ದೆಗೆ ಮತ್ತೆ ಉಪ್ಪು ನುಗ್ಗುತ್ತದೆ, ಈ ಮಳೆಗಾಲವೂ ಬಿತ್ತನೆ ಇಲ್ಲ. ತನಗೆ ಮುಂಬೈಯಲ್ಲಿ ಹಡಗು ಹಿಡಿಯುವ ಹೊತ್ತು ಹತ್ತಿರವಾಗಿದೆ. ಇಷ್ಟನ್ನೂ ನಾನು ಚೆಂದ ಮಾಡಿ ಹೇಳಿದೆ. ಒಬ್ಬ ಕರು ಕಟ್ಟಲು ಎದ್ದು ಹೋದ. ಬೊಮ್ಮ ಗೌಡರು ಎಲೆಅಡಿಕೆಯ ಕವಳದ ಬಾಯಿ ಒರೆಸಿಕೊಂಡು, “ಆತು ಆತು” ಎಂದರು. ಬೀರಮ್ಮ ಕಂಬಕ್ಕೊರಗಿ ಕೂತಿದ್ದಳು. “ಆತು ಆತು ಒಡೆಯಾ. ದೊಡ್ಡವ್ರು ಹೇಳಿದ್ಮೇಲೆ ಮತ್ತೆಂತ” ಎಂದಳು.

ಇಲ್ಲಿ ಓದುಗರಿಗೆ ಒಂದು ವ್ಯಾಕರಣ ಹೇಳಬೇಕು. ‘ಆತು’ ಒಂದು ಸಲವಾದರೆ ಒಪ್ಪಿಗೆ. ಎರಡು ಸಲ ಒಟ್ಟಿಗೆ ಬಂದರೆ, ‘ನೀವು ಹೇಳಿದ್ದು ಕೇಳಿತು, ಇನ್ನು ಎದ್ದರೆ ಒಳ್ಳೆಯದು’ ಎಂದರ್ಥ. ಇದು ಭಟ್ಕಳದಿಂದ ಕುಮಟೆಯವರೆಗೆ ಹಲ್ಲು ಬಾರದ ಕೂಸಿಗೂ ಗೊತ್ತು. ನನಗಂತೂ ಚೆನ್ನಾಗಿ ಗೊತ್ತು. ಸಂಜೆ ಎರಡನೆಯ ಚಾ ಕೇಳಿದಾಗಲೆಲ್ಲ ಜಾನಕಿ, “ಆತು ಆತು” ಎನ್ನುತ್ತಾಳೆ, ಆ ಚಾವನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಆ ಹೊತ್ತಿಗೆ ಬ್ಲಾಕ್ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು, ಯಾನ್‌ನ ಮುಖ ಬೆಳಗುತ್ತಿತ್ತು, ನನ್ನ ನಾಲಿಗೆಗೆ ಹುರುಪು ಬಂದಿತ್ತು. ಒಂದು ‘ಆತು’ ಹೌದು ಎಂದಾದರೆ ಎರಡು ‘ಆತು’ ಅದರ ದುಪ್ಪಟ್ಟಾಗಬೇಕಲ್ಲ ಎಂದು ನನ್ನ ಬುದ್ಧಿ ಲೆಕ್ಕದ ಮಾಸ್ತರನ ಹಾಗೆ ಕೂಡಿಸಿಬಿಟ್ಟಿತು. “ಹೌದು, ಪೂರ್ಣ ಹೃದಯದಿಂದ ಹೌದು ಎನ್ನುತ್ತಿದ್ದಾರೆ” ಎಂದೆ. ಯಾನ್ ಎದ್ದು ಬೀರಮ್ಮನ ಕೈ ಹಿಡಿದು ಕುಲುಕಿದ. ಅವಳು ಅವನ ಮುಖ ನೋಡದೆ ಕುಲುಕಿಸಿಕೊಂಡಳು. ಸಾಹೇಬರು ಎಲ್ಲರಿಗೂ ಚಪ್ಪಾಳೆ ತಟ್ಟಲು ಹೇಳಿ ಜೀಪು ಹತ್ತಿದರು.

ಬಾಯಿ ಮುಚ್ಚುವ ದಿನ ಬೆಳಿಗ್ಗೆ ನಾವು ತದಡಿಯಿಂದ ದೋಣಿಯಲ್ಲಿ ಹೊರಟೆವು. ಅಂದು ಊರೆಲ್ಲ ಒಡ್ಡಿನ ಮೇಲಿರುತ್ತದೆ, ಅತಿಥಿಗೆ ಊಟ ಯಾರು ಹಾಕುವುದು ಎಂದು ಆಯಿ ದೊಡ್ಡ ಬುತ್ತಿ ಕಟ್ಟಿಸಿ, ಜೊತೆಗೆ ಜಾನಕಿಯನ್ನೂ ಕಳಿಸಿದ್ದಳು. ಹೊಳೆ ಇಳಿದಿತ್ತು, ಕೆಸರು ಮೇಲೆದ್ದು ಹೊಳೆಯುತ್ತಿತ್ತು. ಯಾನ್ ದೋಣಿಯ ಮೂತಿಯಲ್ಲಿ ನಿಂತು ಒಡ್ಡಿನ ಕಡೆಗೇ ನೋಡುತ್ತಿದ್ದ. ಒಡ್ಡಿನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಬುಟ್ಟಿಗಳು ಮಗುಚಿ ಬಿದ್ದಿದ್ದವು, ದಿಮ್ಮಿಗಳು ಇದ್ದಲ್ಲೇ ಇದ್ದವು, ಒಂದು ಕೊಕ್ಕರೆ ಮಾತ್ರ ನಾವು ಮುಚ್ಚಬೇಕಾದ ಬಾಯಲ್ಲಿ ಮೀನು ಹಿಡಿಯುತ್ತಿತ್ತು. ಅವನು ಗಡಿಯಾರ ನೋಡಿದ, ನೀರು ನೋಡಿದ, ಆಮೇಲೆ ನನ್ನನ್ನು ನೋಡಿದ. “ಆತು ಎಂದರಲ್ಲ?” ಎಂದ. ಈಗ ಬರುತ್ತಾರೆ, ಒಳ್ಳೆಯ ಮುಹೂರ್ತ ಕಾಯುತ್ತಿರಬೇಕು ಎಂದು ಹೇಳಿ, ಪಂಚೆ ಎತ್ತಿ ಕಟ್ಟಿಕೊಂಡು ಮನೆಗಳ ಕಡೆಗೆ ಓಡಿದೆ. ಮುಹೂರ್ತದ ಮಾತನ್ನು ಎಲ್ಲಿಂದ ತಂದೆನೋ ನನಗೇ ಗೊತ್ತಿಲ್ಲ.

ಅಂಥ ಉಪಚಾರವನ್ನು ನಾನು ಬೀಗರ ಮನೆಯಲ್ಲೂ ಕಂಡಿರಲಿಲ್ಲ. ಮೊದಲ ಮನೆಯಲ್ಲಿ, “ಬನ್ನಿ ಮಾಸ್ತರೆ, ಆಸರಿಗೆ ಎಂತ ಕೊಡ್ಲಿ?” ಎಂದು ಬಾಯಾರಿಕೆ ವಿಚಾರಿಸಿ ಚಾಪೆ ಹಾಸಿದರು, ಮನೆಯ ಯಜಮಾನನಿಗೆ ಜ್ವರವಂತೆ, ಕಂಬಳಿ ಹೊದ್ದು ಮಲಗಿದ್ದ, ಬೆವರುತ್ತಿದ್ದ. ಎರಡನೆಯ ಮನೆಗೆ ನೆಂಟರು ಬರುವವರಿದ್ದರು. ಮೂರನೆಯ ಮನೆಯವನು ಎಳನೀರು ಕೆತ್ತಿ ಕೈಗಿಟ್ಟು, ಬೇಡವೆಂದರೂ ಇನ್ನೊಂದು ಕೆತ್ತಿದ. ಯಾರೂ ಬರುವುದಿಲ್ಲ ಎನ್ನಲಿಲ್ಲ. ಹೊರಡುವಾಗ ಎಲ್ಲರೂ ನಗುಮುಖದಿಂದ, “ಆತು ಆತು” ಎಂದರು. ಹೊಟ್ಟೆ ತುಂಬ ಎಳನೀರು ಹೊತ್ತು ನಾನು ಬೊಮ್ಮ ಗೌಡರ ಅಂಗಳಕ್ಕೆ ಬಂದು ಬಿದ್ದೆ. ಗೌಡರೇ, ಇಳಿತ ಮುಗಿಯುತ್ತಾ ಬಂತು, ನೀವೇ ಹೀಗೆ ಮಾಡಿದರೆ ಹೇಗೆ ಎಂದು ಕೂಗಿದೆ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಅವರು ಕವಳದ ಚೀಲವನ್ನು ಕೆಳಗಿಟ್ಟರು. “ಒಂದು ಮನಿ ಹೊರ್ಗೆ ಇಟ್ಟು ಒಡ್ಡು ಹಾಕೂದು ಎಂತಕೆ ಮಾಸ್ತರೆ? ಬರೂ ವರ್ಷ ಇನ್ನೊಂದು ಮನಿ ಹೊರ್ಗೆ ಬೀಳ್ತದೆ. ನಮ್ಗೆ ಆಗೂದಿಲ್ಲ” ಎಂದರು. ಹಾಗಾದರೆ ಅಂದೇ ಇಲ್ಲ ಎನ್ನಬಾರದಿತ್ತೇ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. “ಸಮುದ್ರ ದಾಟಿ ಬಂದ ಮನ್ಶಾ. ನಮ್ಮ ಸಲುವಾಗಿ ಕೆಸರು ಹೊತ್ತಾನೆ. ಅವ್ನ ಮೋರೆ ನೋಡ್ತಾ ಇಲ್ಲ ಅಂದ್ರೆ ನಮ್ಗೆ ಅನ್ನ ಸೇರ್ತದಾ? ನಿಮ್ಗೆ ಹೇಳಿದ್ವಲ್ಲ, ಎರಡು ಸಲ. ನೀವು ಅವ್ನಿಗೆ ತಿಳಿಯೂ ಹಂಗೆ ಹೇಳ್ತ್ರಿ ಅಂತ ಮಾಡಿದ್ವು.”

ಒಡ್ಡಿನ ಕಡೆಗೆ ಹಿಂತಿರುಗುವ ದಾರಿಯಲ್ಲಿ ನಾನು ಹೇಳಬೇಕಾದ ವಾಕ್ಯವನ್ನು ಕಟ್ಟುತ್ತ ಬಂದೆ. ಮೊದಲು ನಮ್ಮ ನಾಡಿನ ಅತಿಥಿ ಸತ್ಕಾರದಿಂದ ಆರಂಭಿಸಿ, ಮಾತಿನ ಸೂಕ್ಷ್ಮಗಳ ಮೇಲೆ ಎರಡು ವಾಕ್ಯ ಹೇಳಿ, ನಡುವೆ ಎಲ್ಲೋ ‘ಇಲ್ಲ’ವನ್ನು ನೋವಾಗದ ಹಾಗೆ ಸೇರಿಸುವುದು ನನ್ನ ಯೋಚನೆ. ಬಂದು ನೋಡಿದರೆ ಯಾನ್ ಸೊಂಟಮಟ್ಟ ಕೆಸರಿನಲ್ಲಿ ನಿಂತು ಒಬ್ಬನೇ ದಿಮ್ಮಿ ಎಳೆಯುತ್ತಿದ್ದ. ಅವನ ಮುಖ ಕೆಂಪಾಗಿತ್ತು. ಒಡ್ಡಿನ ಬಾಯಲ್ಲಿ ನೀರು ಇನ್ನೂ ಹೊರಗೇ ಹರಿಯುತ್ತಿತ್ತು, ಆದರೆ ವೇಗ ತಗ್ಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ನಿಂತು, ಆಮೇಲೆ ತಿರುಗುತ್ತದೆ. ನಾನು ಗಂಟಲು ಸರಿಮಾಡಿಕೊಂಡು ಸತ್ಕಾರದಿಂದ ಶುರುಮಾಡಿದೆ. ಅಷ್ಟರಲ್ಲಿ ಜಾನಕಿ ಬೀರಮ್ಮನ ಮನೆಯ ಕಡೆಯಿಂದ ಬಂದಳು. ಅವಳು ಅಷ್ಟು ಹೊತ್ತೂ ಆ ಅಜ್ಜಿಯ ಜಗಲಿಯಲ್ಲಿ ಕೂತಿದ್ದಳು. “ಎರಡ್ ಸಲ ಆತು ಹೇಳಿದ್ವಡ. ನಿಂಗಕ್ಕೆ ಇಷ್ಟೂ ಗೊತ್ತಾಜಿಲ್ಯ?” ಎಂದು ನನ್ನನ್ನು ಕೇಳಿದಳು. ನಾನು, “ತಡಿ, ಅದನ್ನೇ ಹೇಳ್ತಾ ಇದ್ದಿ” ಎಂದೆ. “ನಿಂಗ ಸ್ವಲ್ಪ ಸುಮ್ಮಂಗಿರಿ” ಎಂದಳು.

ಅವಳು ಕೋಲೊಂದನ್ನು ತೆಗೆದುಕೊಂಡು ಕೆಸರಿನಲ್ಲಿ, ಅಂದು ಯಾನ್ ಮರಳಿನ ಮೇಲೆ ಎಳೆದ ಹಾಗೇ, ನೇರ ಗೆರೆ ಎಳೆದಳು. ಅದರಾಚೆ ಒಂದು ವೃತ್ತ ಬರೆದು, ಬೀರಮ್ಮನ ಮನೆಯ ಕಡೆ ಕೈ ತೋರಿಸಿದಳು. ಆಮೇಲೆ ಊರಿನ ಮನೆಗಳ ಕಡೆ ಒಂದೊಂದಾಗಿ ಕೈ ತೋರಿಸುತ್ತ, ಒಂದೊಂದಕ್ಕೂ ತಲೆಯಾಡಿಸಿ, “ಇಲ್ಲೆ. ಇಲ್ಲೆ. ಇಲ್ಲೆ” ಎಂದಳು. ಕೊನೆಗೆ ಆ ನೇರ ಗೆರೆಯನ್ನು ಕಾಲಿನಿಂದ ಅಳಿಸಿಬಿಟ್ಟಳು. ನಮ್ಮ ಮನೆಯಲ್ಲಿ ಉಂಡವನಿಗೆ ಆ ಶಬ್ದದಲ್ಲಿ ಸಂಶಯ ಉಳಿಯುವ ಹಾಗಿರಲಿಲ್ಲ. ಯಾನ್ ದಿಮ್ಮಿಯನ್ನು ಕೈಬಿಟ್ಟ. ನನ್ನ ಕಡೆ ತಿರುಗಿ, “ಪೂರ್ಣ ಹೃದಯದಿಂದ?” ಎಂದು ಕೇಳಿದ. ಅಷ್ಟೇ ಕೇಳಿದ್ದು. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಾನು, ಪಾಠ ಓದದೆ ಬಂದ ಹುಡುಗನ ಹಾಗೆ, ಮಗುಚಿ ಬಿದ್ದ ಬುಟ್ಟಿಗಳನ್ನು ನೆಟ್ಟಗೆ ಇಡತೊಡಗಿದೆ.

ಅಷ್ಟು ಹೊತ್ತಿಗೆ ಬೊಮ್ಮ ಗೌಡರೂ, ಅವರ ಹಿಂದೆ ಇನ್ನಷ್ಟು ಜನರೂ ದೂರದಲ್ಲಿ ಬಂದು ನಿಂತಿದ್ದರು. ಯಾನ್ ಕೆಸರಿನಿಂದ ಮೇಲೆ ಹತ್ತಿ ನೇರ ಬೀರಮ್ಮನ ಮುಂದೆ ಹೋದ. ಅಳಿಸಿದ ಗೆರೆಯ ಜಾಗವನ್ನು ತೋರಿಸಿ ಅವನೇ, “ಆತು?” ಎಂದು ಕೇಳಿದ.

ಬೀರಮ್ಮ ಬೊಮ್ಮ ಗೌಡರನ್ನು ನೋಡಿದಳು, ಜಾನಕಿಯನ್ನು ನೋಡಿದಳು. ಆಮೇಲೆ ಮೊದಲ ಸಲ ಅವನ ಮುಖ ನೋಡಿ, “ಇಲ್ಲ ಒಡೆಯಾ. ಆಗೂದಿಲ್ಲ. ಈ ಜಾಗ ಎತ್ರ ಮಾಡೂಕೆ ನಾನೂ ನನ್ನ ಗಂಡನೂ ಮಣ್ಣು ಹೊತ್ತದ್ದು. ನಂಗೆ ಹೆಂಚಿನ ಮನಿ ಬ್ಯಾಡ” ಎಂದಳು. ಹೇಳಿದವಳೇ ಅಳತೊಡಗಿದಳು, ಅತಿಥಿಯನ್ನು ಬೈದುಬಿಟ್ಟೆನೋ ಎಂಬಂತೆ. ನಾನು ಅದನ್ನು ಇಂಗ್ಲಿಷಿಗೆ ತಂದೆ. ತಲೆ ಬಾಚಲಿಲ್ಲ, ಪೌಡರು ಹಚ್ಚಲಿಲ್ಲ. ಅದಕ್ಕೆ ಹೊತ್ತೂ ಇರಲಿಲ್ಲ. ಯಾನ್ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. ಹೊಳೆಯನ್ನು ನೋಡಿದ. ಡೊಂಕು ಹಿಡಿದೇ ಕಟ್ಟೋಣ, ಆದರೆ ಕೆಲಸ ಜಾಸ್ತಿ, ಎಲ್ಲರೂ ಈ ಕ್ಷಣವೇ ಬರಬೇಕು, ಬರುತ್ತಾರೋ ಕೇಳಿ ಎಂದ. ಆಮೇಲೆ ಬೆರಳೆತ್ತಿ, “ಒಂದೇ ಸಲ ಹೇಳಲಿ” ಎಂದು ಸೇರಿಸಿದ.

“ಆತು” ಎಂದರು ಬೊಮ್ಮ ಗೌಡರು, ಒಮ್ಮೆಗೇ, ಚಿಕ್ಕದಾಗಿ. ತಿರುಗಿ ಒಂದು ಕೂ ಹಾಕಿದರು. ಆ ಕೂಗು ಮುಗಿಯುವ ಮೊದಲೇ ಮನೆಮನೆಯಿಂದ ಜನ ಇಳಿದುಬಂದರು. ಅವರೆಲ್ಲ ಕಚ್ಚೆ ಕಟ್ಟಿಕೊಂಡು ಬಾಗಿಲ ಹಿಂದೆಯೇ ಕೂತಿದ್ದರೋ ಏನೋ. ಜ್ವರದವನು ಕಂಬಳಿ ಬಿಸಾಕಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಗೂಟ ಬಿತ್ತು, ದಿಮ್ಮಿ ಬಿತ್ತು, ಹುಲ್ಲು, ತೆಂಗಿನ ಗರಿಯ ಮಡ್ಲು, ಅದರ ಮೇಲೆ ಕೈಯಿಂದ ಕೈಗೆ ಬರುವ ಅಂಟುಮಣ್ಣಿನ ಹೆಂಟೆ. ಹೆಂಗಸರ ಸಾಲಿನಲ್ಲಿ ಯಾರೋ ಒಬ್ಬಳು ಹಾಡು ಎತ್ತಿಕೊಂಡಳು, ಉಳಿದವರು ಹಿಂದೆ ಹೇಳಿದರು. ಹಾಡಿನ ಓಟಕ್ಕೆ ಮಣ್ಣೂ ಓಡತೊಡಗಿತು. ಹೊರಗೆ ನೀರು ನಿಂತಿತು. ಒಂದು ತೆಂಗಿನ ಸಿಪ್ಪೆ ಅಲ್ಲೇ ಗಿರಗಿರ ತಿರುಗಿ, ನಾನು ನೋಡುತ್ತಿದ್ದ ಹಾಗೆ ನಮ್ಮ ಕಡೆಗೆ ತೇಲಲು ಆರಂಭಿಸಿತು. ಇಳಿತ ಭರತಕ್ಕೆ ತಿರುಗಿತ್ತು. ಹಾಡು ನಿಂತುಹೋಯಿತು. ನೀರು ಒಂದು ಗೇಣು ಏರಿದರೆ ಒಡ್ಡು ಒಂದು ಗೇಣು ಏರಬೇಕು. ಯಾನ್ ಏನನ್ನೋ ಕೂಗುತ್ತಿದ್ದ, ಅದು ಅವನ ಮನೆಮಾತಿನಲ್ಲಿತ್ತು; ಯಾರಿಗೂ ಅನುವಾದ ಬೇಕಾಗಲಿಲ್ಲ.

ಡೊಂಕಿನ ತುದಿಯಲ್ಲಿ, ಬೀರಮ್ಮನ ಹಿತ್ತಲಿನ ಎದುರಿಗೇ, ಒಡ್ಡಿನ ಮೈಯಿಂದ ನೀರು ಚಿಮ್ಮಿತು. ಬೆರಳಷ್ಟು ದಪ್ಪ ಇದ್ದದ್ದು ಕಣ್ಣೆದುರೇ ತೋಳಿನಷ್ಟಾಯಿತು. ಬೊಮ್ಮ ಗೌಡರು ಹುಲ್ಲಿನ ಕಟ್ಟನ್ನು ಅದಕ್ಕೆ ತುರುಕಿ ಮೇಲೆ ಮಣ್ಣಿನ ಚೀಲವಿಟ್ಟರು. ಚೀಲ ಎದ್ದು ಬಂತು. ಅವರ ಕಣ್ಣು ಸುತ್ತ ಹುಡುಕಿ ನನ್ನ ಮೇಲೆ ನಿಂತಿತು. “ಮಾಸ್ತರೆ, ಬನ್ನಿ. ಇದ್ರ ಮೇಲೆ ಕೂತ್ಕಣಿ” ಎಂದರು. ನಾನು ಹೋಗಿ ಕೂತೆ. ಹೊನ್ನಾವರದ ತುಪ್ಪ, ಕುಮಟೆಯ ಮಾವಿನಹಣ್ಣು, ಆಯಿಯ ಪ್ರೀತಿ, ಇವೆಲ್ಲದರಿಂದ ಬೆಳೆದ ನನ್ನ ಮೈ ಊರಿನ ಉಪಯೋಗಕ್ಕೆ ಬಂದದ್ದು ಅದೇ ಮೊದಲು. “ಅಲುಗಾಡಬೇಡಿ. ಮಾತೂ ಆಡ್ಬೇಡಿ” ಎಂದರು. ನನ್ನ ಸುತ್ತ ಮಣ್ಣು ಬಿದ್ದಿತು, ಸೊಂಟದವರೆಗೆ ಏರಿತು. ಬೆನ್ನ ಹಿಂದೆ ಹೊಳೆ ತಳ್ಳುತ್ತಿರುವುದು ಗೊತ್ತಾಗುತ್ತಿತ್ತು. ಒಡ್ಡು ಹರಿದರೆ ಮೊದಲು ಹೋಗುವವನು ನಾನು. ನನ್ನ ನಂತರ ಬೀರಮ್ಮನ ಮನೆ, ಅದರ ನಂತರ ಊರಿನ ಅನ್ನ. ಜಾನಕಿ ಎದುರಿನ ಸಾಲಿನಲ್ಲಿ ಸೆರಗು ಸಿಕ್ಕಿಸಿಕೊಂಡು ಹೆಂಟೆ ದಾಟಿಸುತ್ತಿದ್ದಳು. ನನ್ನ ಕಡೆ ನೋಡಿದಾಗಲೆಲ್ಲ ಅವಳ ಮುಖದಲ್ಲಿದ್ದದ್ದು ನಗುವಲ್ಲ, ಗಾಬರಿ. ಅದನ್ನು ಕಂಡು ನನಗೆ ಸ್ವಲ್ಪ ಧೈರ್ಯ ಬಂತು ಎಂದರೆ ನಗಬೇಡಿ.

ನೀರು ಒಡ್ಡಿನ ತುಟಿಯವರೆಗೆ ಬಂದು ನಿಂತಿತು. ಬಹಳ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಒಡ್ಡಿನ ಹೊರಮೈಯಲ್ಲಿ ಒದ್ದೆಯ ಒಂದು ಗೆರೆ ಕಾಣಿಸಿತು, ನೀರು ಇಳಿಯತೊಡಗಿತ್ತು. ಯಾರೂ ಕುಣಿಯಲಿಲ್ಲ, ಕೂಗಲಿಲ್ಲ. ಬೀರಮ್ಮ ಒಳಗೆ ಹೋಗಿ ಒಲೆಗೆ ಬೆಂಕಿ ಹಾಕಿದಳು. ಬೊಮ್ಮ ಗೌಡರು ಒಡ್ಡನ್ನು ಮೇಲಿಂದ ಕೆಳಗೆ ನೋಡಿ, “ಅಡ್ಡಿಲ್ಲ” ಎಂದರು. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಯಾನ್ ಅರ್ಥ ಕೇಳಿದ. ಇನ್ನು ಮೇಲೆ ಅಕ್ಷರ ಬಿಟ್ಟು ಆಚೀಚೆ ಹೋಗಬಾರದೆಂದು ಆಗಷ್ಟೇ ನಿಶ್ಚಯಿಸಿದ್ದ ನಾನು, ಅಡ್ಡಿ ಏನೂ ಇಲ್ಲವಂತೆ ಎಂದು ಹೇಳಿದೆ. ಅವನು ಬೆಚ್ಚಿ ಮತ್ತೇನು ಅಡ್ಡಿ ಬರುವುದಿತ್ತು ಎಂದು ಹೊಳೆಯ ಕಡೆ ನೋಡಿದ. ನನ್ನನ್ನು ಮಣ್ಣಿನಿಂದ ಅಗೆದು ತೆಗೆಯಲು ನಾಲ್ಕು ಜನ ಬೇಕಾಯಿತು.

ಯಾನ್ ಹೊರಡುವ ಮೊದಲು ಕುರ್ವೆಯಲ್ಲಿ ಮತ್ತೊಮ್ಮೆ ಎಲ್ಲರೂ ಕೂಡಿದರು. ಬರುವ ವರ್ಷ ತಮ್ಮ ಊರಿನಿಂದ ಇನ್ನಷ್ಟು ಜನರನ್ನು ಕರೆತರುವುದಾಗಿಯೂ, ಬಿದ್ದ ಮನೆಗಳನ್ನೂ ಸಿಹಿನೀರಿನ ಬಾವಿಯನ್ನೂ ನಿಮ್ಮ ಜೊತೆ ಕೂಡಿ ಕಟ್ಟುವುದಾಗಿಯೂ ಅವನು ಹೇಳಿದ. ನಮ್ಮಿಂದ ಏನಾಗಬೇಕೆಂದು ಈಗಲೇ ಹೇಳಿ, ಬಾಯಿ ಬಿಟ್ಟು ಹೇಳಿ ಎಂದ. ಬೊಮ್ಮ ಗೌಡರು ಎದ್ದು ನಿಂತು ಹೆಗಲ ವಸ್ತ್ರ ಸರಿಮಾಡಿಕೊಂಡರು. “ನೀವು ಬನ್ನಿ, ಬರಿ ಕೈಯಲ್ಲಿ ಬಂದ್ರೂ ಅಡ್ಡಿಲ್ಲ. ಒಂದೇ ಮಾತು ಹೇಳೂದು. ಮಾತಾಡೂಕೆ ಈ ಮಾಸ್ತರು ಬ್ಯಾಡ. ಒಳ್ಳೆಯವ್ರು ಹೌದು, ಒಡ್ಡಿನ ಮೇಲೆ ಕೂರೂಕೆ ಆಗ್ತದೆ. ಮಾತಿಗೆ ಇವ್ರ ಹೆಂಡ್ತಿ, ಆ ಅಮ್ಮನ್ನೇ ಕರ್ಸಿ” ಎಂದರು.

ಊರು ನನ್ನ ಬಾಯಿ ನೋಡುತ್ತ ಕೂತಿತು. ಯಾನ್ ಕಿವಿಗೊಟ್ಟು ಕಾಯುತ್ತಿದ್ದ. ಹೆಂಗಸರ ಗುಂಪಿನಲ್ಲಿ ಜಾನಕಿ ತಲೆ ತಗ್ಗಿಸಿದ್ದಳು, ಅವಳ ಹೆಗಲು ಸಣ್ಣಗೆ ಕುಲುಕುತ್ತಿತ್ತು. ಊರಿನವರು ನಿಮಗೆ ಶುಭಪ್ರಯಾಣ ಕೋರುತ್ತಾರೆ ಎಂಬ ಒಂದು ಅಂದವಾದ ಇಂಗ್ಲಿಷ್ ವಾಕ್ಯ, ಇಸ್ತ್ರಿ ಮಾಡಿಟ್ಟಂತೆ, ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾನು ಅದನ್ನು ನುಂಗಿಕೊಂಡೆ. ಗೌಡರು ಹೇಳಿದ್ದನ್ನು, ಒಡ್ಡಿನ ಮೇಲೆ ಕೂರುವುದನ್ನೂ ಬಿಡದೆ, ಶಬ್ದಕ್ಕೆ ಶಬ್ದವಿಟ್ಟು ಇಂಗ್ಲಿಷಿನಲ್ಲಿ ಹೇಳಿದೆ. ಬೀರಮ್ಮನ ಮಾತೊಂದನ್ನು ಬಿಟ್ಟರೆ, ನನ್ನ ಜೀವಮಾನದಲ್ಲಿ ನಾನು ಮಾಡಿದ ಲೋಪವಿಲ್ಲದ ಭಾಷಾಂತರ ಅದೊಂದೇ. ಯಾನ್ ಸ್ವಲ್ಪ ಯೋಚಿಸುತ್ತಾನೆ, ನನ್ನ ಪರವಾಗಿ ಎರಡು ಮಾತಾದರೂ ಆಡುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ವಾಕ್ಯ ಮುಗಿದದ್ದೇ ತಡ ಎದ್ದು ನಿಂತು, “ಆತು” ಎಂದ. ಒಂದೇ ಸಲ.